ಮಗಳ ನೆಗಡಿಯೂ ಎತ್ತಿನ ಸೋಮವಾರವೂ

ತಾನು ಓಡಲಾರದ ಅಪ್ಪನಿಗೆ ಮಕ್ಕಳನ್ನು ಓಡಿಸುವ ಹುಚ್ಚು ಹತ್ತಿದರೆ ಅದಕ್ಕೆ ಮದ್ದಿಲ್ಲ. ನನಗೆ ಹತ್ತಿತ್ತು. ನಮ್ಮ ಮಿರ್ಲೆಯಲ್ಲಿ ಬಸ್ಸು ಕಣ್ಣೆದುರೇ ಹೊರಟರೂ ನಾನು ಕೈಯೆತ್ತಿ ಕೂಗುತ್ತೇನೆಯೇ ಹೊರತು ಓಡಿದವನಲ್ಲ. ಆದರೆ ಹೈಸ್ಕೂಲಿನಲ್ಲಿ ಓದುವ ಮಗಳು ಕಾವ್ಯ ತಾಲ್ಲೂಕಿನ ಓಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದದ್ದೇ ತಡ, ಕೊರಳಿಗೊಂದು ಸೀಟಿ ಕಟ್ಟಿಕೊಂಡೆ. ಬೆಳಿಗ್ಗೆ, ಸಂಜೆ ನಾಲೆ ಏರಿಯ ಮೇಲೆ ಅವಳು ಮುಂದೆ ಓಡುವುದು, ನಾನು ಹಿಂದೆ ಸ್ಕೂಟರಿನಲ್ಲಿ ಕೂತು "ಇನ್ನೂ ಜೋರು!" ಎನ್ನುವುದು. ಬೆವರುತ್ತಿದ್ದವಳು ಅವಳು; ಸುಸ್ತಾಯಿತೆಂದು ಎರಡು ಇಡ್ಲಿ ಹೆಚ್ಚಿಗೆ ತಿನ್ನುತ್ತಿದ್ದವನು ನಾನು.

ಜಿಲ್ಲಾ ಓಟ ಹತ್ತಿರವಾದಂತೆ ಹುಡುಗಿಗೆ ನೆಗಡಿ. ವಾಸಿಯಾಯಿತು ಎನ್ನುವಷ್ಟರಲ್ಲಿ ಗಂಟಲು ನೋವು, ಮತ್ತೆ ನೆಗಡಿ. ಹೋದ ವರ್ಷವೂ ಹೀಗೇ ಜ್ವರ ಬಂದು ಓಟ ತಪ್ಪಿ, ಮೂಲೆ ಹಿಡಿದು ಅತ್ತಿದ್ದಳು. "ಈ ಸಲಾನೂ ತಪ್ಪಿದ್ರೆ ಶೂ ಅಟ್ಟಕ್ಕೆ ಎಸೀತೀನಿ ಅಪ್ಪ," ಎಂದಳು.

ಊರವರ ಕಣ್ಣು ಬಿದ್ದಿದೆ ಎಂದು ನನ್ನ ತೀರ್ಮಾನ. ಅವ್ವ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟೇ ಬರುವುದಿಲ್ಲವಂತೆ. ಬಂತು ನೋಡಿ ಘಾಟು! ಮಗಳ ಜೊತೆ ನಾವಿಬ್ಬರೂ ಸೀನಿದೆವು, ಪಕ್ಕದ ಮನೆಯವರೂ ಸೀನಿದರು.

"ಯಾರ್ ಕಣ್ಣೂ ಬಿದ್ದಿಲ್ಲ ಕಣ್ಲಾ, ಬಿದ್ದಿರೋದು ನಿಂದೇಯ," ಎಂದಳು ಅವ್ವ.

ಕೊನೆಗೆ ಟಾನಿಕ್ ಬರೆಸಿಕೊಳ್ಳೋಣವೆಂದು ಕೆ.ಆರ್. ನಗರದ ಡಾಕ್ಟರ ಹತ್ತಿರ ಹೋದೆವು. ಅವರು ಮಗಳ ದಿನಚರಿಯನ್ನೆಲ್ಲ ಕೇಳಿ, "ಓಡಿಸ್ಬೇಡಿ ಅನ್ನಲ್ಲ ಕಣ್ರೀ. ಬೆಳೆಯೋ ಮಕ್ಳು ಬಿಡುವಿಲ್ಲದೆ ಇಷ್ಟೊಂದು ಓಡಿ, ನಿದ್ದೆನೂ ಕಮ್ಮಿಯಾದ್ರೆ, ರೋಗ ತಡೆಯೋ ಶಕ್ತಿ ಕುಗ್ಗಬಹುದು. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ವಾರಕ್ಕೊಂದು ರಜಾ ಕೊಡಿ," ಎಂದರು.

ಓಡುವವರಿಗೆಂಥ ರಜವೆಂದು ಮನೆಗೆ ಬಂದು ಗೊಣಗಿದೆ. ಅವ್ವ ರೇಗಿದಳು. "ಸ್ವಾಮಾರ ಎತ್ತಿನ ಎಗಲ್ಗೂ ನೊಗ ಇಕ್ಕಲ್ಲ ಕಣ್ಲಾ ನಾವು. ಕೂಸು ಎತ್ಗಿಂತ ಕಡೆಯಾಗೋಯ್ತಾ?"

ಅಂದಿನಿಂದ ಸೋಮವಾರ ಓಟ ಬಂದ್, ಉಳಿದ ದಿನವೂ ಅರ್ಧಕ್ಕರ್ಧ. ಜಿಲ್ಲಾ ಓಟದ ದಿನ ಮಗಳು ಒಂದು ಸೀನೂ ಇಲ್ಲದೆ ಓಡಿ ಮೂರನೆಯವಳಾಗಿ ಬಂದಳು. ಸೀಟಿ ಊದಲು ಹೋದೆ. ಅಳು ಒತ್ತಿಕೊಂಡು ಬಂದು ಬರೀ ಗಾಳಿ ಹೊರಟಿತು.

ಮರುದಿನ ಸೋಮವಾರ. ಜಗಲಿಯ ಮೇಲೆ ಕಾಲು ಚಾಚಿ, "ಅವ್ವಾ, ನಂಗೂ ಇವತ್ತು ರಜಾ. ಒಂದು ಕಾಫಿ ಕೊಡು," ಎಂದೆ.

ಅವ್ವ ಪೊರಕೆ ತಂದು ಕೈಗಿಟ್ಟಳು. "ರಜಾ ಉಳೋ ಎತ್ಗೆ ಕಣ್ಲಾ, ಬಾರ್ಕೋಲ್ ಇಡ್ದೋನ್ಗಲ್ಲ. ಏಳು, ಕೊಟ್ಗೆ ಗುಡ್ಸು."

ಎದ್ದು ಗುಡಿಸತೊಡಗಿದೆ. ಹಿಂದಿನಿಂದ "ಇನ್ನೂ ಜೋರು!" ಎಂದು ಕೂಗು ಕೇಳಿತು. ತಿರುಗಿ ನೋಡಿದರೆ ಕಾವ್ಯ, ಕೊರಳಲ್ಲಿ ನನ್ನ ಸೀಟಿ.