ದೊಡ್ಡವ್ವ ಮತ್ತು ಕೆಲಸಕ್ಕೆ ಕೂತರೆ ಆರುವ ಕಂಪ್ಯೂಟರ್

ನಮ್ಮ ದೊಡ್ಡವ್ವನಿಗೆ ಕಂಪ್ಯೂಟರಿನ ವಿಷಯ ಏನೂ ತಿಳಿಯದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಏನೂ ತಿಳಿಯದವರು ಸುಮ್ಮನಿರುತ್ತಾರೆ. ದೊಡ್ಡವ್ವ ಸುಮ್ಮನಿದ್ದುದನ್ನು ನಾನು ಈವರೆಗೆ ಕಂಡಿಲ್ಲ!

ಆಕೆಗೆ ಗೊತ್ತಿರುವ ವೈದ್ಯ ಒಂದೇ, ಅದು ಹಸುವಿನ ವೈದ್ಯ. ಹಸುವಿಗೆ ಹುಷಾರಿಲ್ಲದಿದ್ದರೆ ಕಿವಿ ಮುಟ್ಟಿ ನೋಡುವಂತೆ, ಮನೆಯಲ್ಲಿ ನನಗೆ ನೆಗಡಿಯಾದರೂ ಗ್ರೈಂಡರ್ ಕೆಟ್ಟರೂ ಮೊದಲು ಕಿವಿಯನ್ನೇ ಮುಟ್ಟುತ್ತಾಳೆ. ಗ್ರೈಂಡರಿಗೆ ಕಿವಿ ಎಲ್ಲಿದೆ ಎಂದು ನೀವು ಕೇಳಬಹುದು. ನಮಗೆ ಕಾಣುವುದಿಲ್ಲ, ಅವಳಿಗೆ ಸಿಗುತ್ತದೆ. (ಹಿರಿಯರನ್ನು ಬರವಣಿಗೆಯಲ್ಲಿ 'ಅವರು' ಎನ್ನಬೇಕೆಂಬುದು ನನಗೂ ಗೊತ್ತಿದೆ. ಆದರೆ ಹಾಗೆ ಬರೆದೊಡನೆ ದೊಡ್ಡವ್ವ ಹೋಗಿ ಬೇರೆ ಯಾರೋ ಬಂದು ಕುಳಿತಂತಾಗುತ್ತದೆ. ಕ್ಷಮಿಸಬೇಕು.)

ನನ್ನ ತಂದೆತಾಯಿಯ ಊರು ಅರಕಲಗೂಡಿನ ಕಡೆ. ಅಲ್ಲಿ ಹೊಗೆಸೊಪ್ಪು, ಶುಂಠಿ ಎಲ್ಲವೂ ಇದ್ದವು, ಹೈಸ್ಕೂಲು ಮಾತ್ರ ಇರಲಿಲ್ಲ. ಹೀಗಾಗಿ ಹೊಳೆನರಸೀಪುರದ ಪಕ್ಕದ ಹಳ್ಳಿಯಲ್ಲಿದ್ದ, ಮಕ್ಕಳಿಲ್ಲದ ದೊಡ್ಡವ್ವನ ಮನೆಗೆ ಬಂದು ಸೇರಿದೆ. ನಮ್ಮ ಎರಡೂ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆ ಕಾಲದಿಂದಲೂ ದೊಡ್ಡವ್ವನಿಗೆ ಒಂದು ವಿಚಿತ್ರ ಚಾಳಿ. ಸಂಜೆ ನಾನು ಪುಸ್ತಕ ತೆರೆದರೆ ಆಕೆ ಮಚ್ಚು ತೆಗೆಯುತ್ತಿದ್ದಳು! ಹೆದರಬೇಡಿ. ನನ್ನೆದುರಿಗೆ ಸೀಮೆಹುಲ್ಲಿನ ಹೊರೆ ಹಾಕಿಕೊಂಡು, ನಾನು ಪುಸ್ತಕ ಮುಚ್ಚುವವರೆಗೂ ಟಕ್ ಟಕ್ ಎಂದು ಕತ್ತರಿಸುತ್ತಿದ್ದಳು. ಹುಲ್ಲು ಮುಗಿದರೆ ರಾಗಿ ಕೇರುವಳು. ರಾಗಿಯೂ ಮುಗಿದರೆ ಕೇರಿದ್ದನ್ನೇ ಇನ್ನೊಮ್ಮೆ ಕೇರುವಳು. ಕೈ ಸುಮ್ಮನಿರಲಾರದ ಜಾತಿ ಎಂದುಕೊಂಡು ನಾನು ಕಿವಿಗೆ ಹತ್ತಿ ತುರುಕಿಕೊಂಡು ಓದಿದೆ. ಇತಿಹಾಸದಲ್ಲಿ ಎಂ.ಎ. ಆಯಿತು. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯೂ ಆದೆ. ಅತಿಥಿ ಎಂದರೇನು? ಯಾವಾಗ ಬೇಕಾದರೂ ಹೊರಡಲು ಹೇಳಬಹುದಾದವಳು ಎಂದರ್ಥ.

ಇಂಥ ಅತಿಥಿಗೆ ಚನ್ನರಾಯಪಟ್ಟಣದ ಖಾಸಗಿ ಕಾಲೇಜೊಂದರಲ್ಲಿ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿತು. ಮೊದಲ ಹಂತ ಆನ್‌ಲೈನಿನಲ್ಲಿ. ಕಂಪ್ಯೂಟರಿನ ಮುಂದೆ ಕುಳಿತು ಒಂದು ಮಾದರಿ ಪಾಠ ಮಾಡಬೇಕು, ಆಯ್ಕೆ ಸಮಿತಿಯವರು ಅಲ್ಲಿಂದ ನೋಡುತ್ತಾರೆ. ಹೊಯ್ಸಳರ ಕಾಲದ, ಮೊಸಳೆ ಎಂಬ ಊರಿನ ಜೋಡಿ ದೇವಾಲಯಗಳನ್ನೇ ವಿಷಯವಾಗಿ ಆರಿಸಿಕೊಂಡೆ. ಅಂದಿನಿಂದಲೇ ನನಗೆ ಎರಡು ಭಯಗಳು ಹಿಡಿದವು. ಒಂದು, ಗಾಬರಿಯಾದಾಗ ಕೈಕೊಡುವ ನನ್ನ ಹಕಾರ. ಹೊಳೆನರಸೀಪುರದ ಪಕ್ಕದವಳು, ಹಾಸನಕ್ಕೆ ಹೋಗಿ ಹೊಯ್ಸಳರ ಇತಿಹಾಸ ಓದಿದೆ ಎಂದು ಹೇಳಿಕೊಳ್ಳಬೇಕಾದವಳ ಕಷ್ಟವನ್ನು ನೀವೇ ಊಹಿಸಿ! ಇನ್ನೊಂದು ಭಯ, ನಮ್ಮ ಮನೆಯ ಕಂಪ್ಯೂಟರ್.

ಅದು ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತು. ಮುನ್ಸೂಚನೆಯಿಲ್ಲ, ಕಾರಣವಿಲ್ಲ. ಪಾಠದ ಚಿತ್ರಗಳನ್ನು ಜೋಡಿಸುತ್ತಿರುವಾಗ ತೆರೆ ಕಪ್ಪಾಗುವುದು, ಆಮೇಲೆ ಏನೂ ಆಗದಂತೆ ತಾನೇ ಹೊತ್ತಿಕೊಳ್ಳುವುದು. ಒಮ್ಮೊಮ್ಮೆ ಎರಡು ದಿನ ಚೆನ್ನಾಗಿರುತ್ತಿತ್ತು, ಒಮ್ಮೊಮ್ಮೆ ಒಂದು ಪುಟ ಮುಗಿಯುವಷ್ಟರಲ್ಲಿ ಮೂರು ಸಲ ಸಾಯುತ್ತಿತ್ತು. ವೈರಸ್ ಹುಡುಕಿದೆ, ಇರಲಿಲ್ಲ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದೆ, ಹೊಸದಾಗಿಯೇ ಆರಿತು. ಪೆಟ್ಟಿಗೆ ಬಿಚ್ಚಿ ಧೂಳು ಊದಿದೆ, ನನಗೆ ಸೀನು ಬಂದಿತು, ಅದಕ್ಕೇನೂ ಆಗಲಿಲ್ಲ.

ದೊಡ್ಡವ್ವ ಚಿಕಿತ್ಸೆಗೆ ಇಳಿದದ್ದು ಆಗ. ಸಿ.ಪಿ.ಯು.ವಿನ ಪಕ್ಕೆಯನ್ನು ಅಂಗೈಯಲ್ಲಿ ಸವರಿ, "ಮೈ ಸುಡ್ತಾ ಐತೆ ಕಣವ್ವ," ಎಂದವಳು ಒದ್ದೆ ಗೋಣಿಚೀಲ ತಂದು ಹೊದಿಸಲು ಹೊರಟಳು. ನಾನು ಅಡ್ಡ ಮಲಗಿ ತಡೆದೆ. ಮರುದಿನ ದೃಷ್ಟಿಯೆಂದು ಪತ್ತೆ ಹಚ್ಚಿದಳು. ನಾನು ಆನ್‌ಲೈನಿನಲ್ಲಿ ವಿದ್ಯಾರ್ಥಿಗಳಿಗೆ ವಿಶೇಷ ತರಗತಿ ನಡೆಸುತ್ತಿರುವಾಗಲೇ ಹಿಂದಿನಿಂದ ಬಂದು, ಮೊದಲು ಮಾನಿಟರಿಗೆ, ಆಮೇಲೆ ನನಗೆ, ಕೊನೆಗೆ ಮೌಸಿಗೂ ಒಣಮೆಣಸಿನಕಾಯಿ ನಿವಾಳಿಸಿ, ಬಾಗಿಲಲ್ಲಿದ್ದ ಕೆಂಡಕ್ಕೆ ಹಾಕಿದಳು. ತೆರೆಯೊಳಗಿಂದ ಒಬ್ಬಳು, "ಮಿಸ್, ನಿಮ್ಮ ಹಿಂದೆ ಹೊಗೆ ಬರ್ತಿದೆ," ಎಂದಳು. ಮೆಣಸಿನಕಾಯಿ ಘಾಟು ಬಾರದಿದ್ದರೆ ದೃಷ್ಟಿಯಾಗಿದೆ ಎಂದರ್ಥವಂತೆ. ಬಂದ ಘಾಟಿಗೆ ನಾನು ಕೆಮ್ಮಿ ಕೆಮ್ಮಿ ತರಗತಿಯನ್ನೇ ಮುಗಿಸಬೇಕಾಯಿತು. ದೃಷ್ಟಿಯಲ್ಲ ಎಂದು ಖಚಿತವಾಯಿತು. ನಾಳೆ ಕಾಲೇಜಿಗೆ ಯಾವ ಮುಖ ಹೊತ್ತು ಹೋಗಲಿ ಎಂಬುದು ಮಾತ್ರ ಖಚಿತವಾಗಲಿಲ್ಲ.

ಕೊನೆಗೆ ಹಾಸನದ ರಿಪೇರಿ ಅಂಗಡಿಗೆ ಒಯ್ಯುವುದೆಂದಾಯಿತು. ನಾನೊಬ್ಬಳೇ ಹೋಗುವೆನೆಂದೆ. ಕಾಯಿಲೆಯವರ ಜೊತೆ ಒಬ್ಬರೇ ಹೋಗಬಾರದು ಎಂದಳು. ಸಿ.ಪಿ.ಯು.ವನ್ನು ರಗ್ಗಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಸೆರಗು ಮುಚ್ಚಿದಳು. ಕಂಡಕ್ಟರು ಹೆಂಗಸರಿಗೆ ಟಿಕೆಟಿಲ್ಲ, ಲಗೇಜಿಗೆ ಉಂಟು ಎಂದರು.

"ಇದು ಸೀಟ್ ಮ್ಯಾಲೆ ಕೂತದಾ? ನನ್ ತೊಡೆ ಮ್ಯಾಲೆ ಕೂತದೆ," ಎಂದಳು ದೊಡ್ಡವ್ವ.

"ತೊಡೆ ಮೇಲೆ ಕೂರೋದು ಮಗು ಕಣಮ್ಮ. ಇದು ಕಂಪ್ಯೂಟ್ರು."

"ಮಗೀಗಿಂತ ಎಚ್ಗೆ ಕಣಪ್ಪ. ನಮ್ ಮಗ ಇದ್ರಲ್ಲೇ ಪಾಠ ಯೋಳಿ ದೊಡ್ ಕಾಲೇಜಿಗೆ ಸೇರ್ತಾವ್ಳೆ. ಇಗೋ, ಇವ್ಳೇಯ."

ಇಡೀ ಬಸ್ಸು ತಿರುಗಿ 'ಇವ್ಳೇಯ'ಳನ್ನು ನೋಡಿತು. ನಾನು ಕಿಟಕಿಯಾಚೆಯ ಜೋಳದ ಹೊಲಗಳನ್ನು, ಅವುಗಳಲ್ಲಿ ಯಾವುದಾದರೂ ಒಂದು ನನ್ನನ್ನು ಬಚ್ಚಿಟ್ಟುಕೊಳ್ಳುವುದೇನೋ ಎಂಬಂತೆ, ನೋಡುತ್ತಾ ಕುಳಿತೆ. ಕಂಡಕ್ಟರು ನಕ್ಕು ಮುಂದೆ ಹೋದರು.

ಅಂಗಡಿಯಲ್ಲಿ ನಡೆದದ್ದು ಇನ್ನೂ ದೊಡ್ಡ ಅವಮಾನ. ಬೆಳಗಿನಿಂದ ಸಂಜೆಯವರೆಗೂ ಓಡಿಸಿದರೂ ಅದು ಒಮ್ಮೆಯೂ ಆರಲಿಲ್ಲ! ಮನೆಯಲ್ಲಿ ನರಳಿ ಡಾಕ್ಟರ ಮುಂದೆ ನಗುವ ಮಗುವಿನಂತೆ ಮಿಣಮಿಣ ಮಿನುಗುತ್ತಿತ್ತು. ಯಾವಾಗ ಆರುತ್ತದೆ ಎಂದು ಮೆಕ್ಯಾನಿಕ್ ಕೇಳಿದರು. ನಾನು ಬಹಳ ಜಾಗರೂಕತೆಯಿಂದ, "ಯಾವುದೇ ನಿಯಮಕ್ಕೆ ಒಳಪಡದೆ, ಅನಿರೀಕ್ಷಿತವಾಗಿ," ಎಂದೆ.

"ಇವ್ಳು ಕೆಲ್ಸಕ್ಕೆ ಕೂತಾಗ ಕಣ್ಸಾ," ಎಂದಳು ದೊಡ್ಡವ್ವ. "ಸಿನಿಮಾ ಆಕ್ದಾಗ ಒಂದಿನಾನೂ ಆರಿಲ್ಲ. ಅದ್ಕೂ ಓದೋದು ಅಂದ್ರೆ ಬ್ಯಾಸರ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕಾಯಂ ಉಪನ್ಯಾಸಕಿಯಾಗಹೊರಟವಳು ಸದಾ ಸಿನಿಮಾ ನೋಡುತ್ತಾಳೆಂದು ಹಾಸನಕ್ಕೆಲ್ಲ ತಿಳಿದಂತಾಯಿತು. ಮೆಕ್ಯಾನಿಕ್ ನಗುತ್ತಲೇ, ಮನೆಯಲ್ಲಿ ಯು.ಪಿ.ಎಸ್. ಇದೆಯೇ, ಕರೆಂಟು ಏರಿಳಿದರೆ ತಡೆದುಕೊಳ್ಳುವುದು ಅದೇ ಎಂದರು. ಇಲ್ಲವೆನ್ನಲು ನನಗೆ ನಾಚಿಕೆ. ಇದೆ ಎಂದೆ. ಸುಳ್ಳೇನಲ್ಲ. ಇತ್ತು. ಬ್ಯಾಟರಿ ಸತ್ತು, ಅಡುಗೆಮನೆಯ ಮೂಲೆಯಲ್ಲಿ ದೊಡ್ಡವ್ವನ ನೀರಿನ ಬಿಂದಿಗೆಗೆ ಪೀಠವಾಗಿ ಇತ್ತು. ಇದೆಯೇ ಎಂದು ಕೇಳಿದರೇ ಹೊರತು ಏನು ಮಾಡುತ್ತಿದೆ ಎಂದು ಅವರು ಕೇಳಲಿಲ್ಲವಲ್ಲ!

ಕಂಪ್ಯೂಟರಿಗೆ ಏನೂ ಆಗಿಲ್ಲವೆಂಬ ಪ್ರಮಾಣಪತ್ರದೊಡನೆ ಹಿಂದಿರುಗಿದೆವು. ಮರುಸಂಜೆ ನಾನು ಪಾಠ ತಿದ್ದಲು ಕುಳಿತೆ. ಆರಿತು.

ಸಂದರ್ಶನಕ್ಕೆ ಎರಡು ದಿನ ಮುಂಚೆ ಚನ್ನರಾಯಪಟ್ಟಣದ ಕಾಲೇಜಿನ ಪ್ರಾಂಶುಪಾಲರೇ ವಿಡಿಯೋ ಕರೆ ಮಾಡಿ, ಧ್ವನಿ ಮತ್ತು ಚಿತ್ರ ಸರಿಯಾಗಿ ಬರುತ್ತವೆಯೇ ಎಂದು ಪರೀಕ್ಷಿಸಿದರು. ನಾನು ಇಸ್ತ್ರಿ ಸೀರೆಯುಟ್ಟು, ಹಕಾರಗಳನ್ನು ಒಂದೊಂದಾಗಿ ಎತ್ತಿಡುತ್ತಾ ಮಾತನಾಡುತ್ತಿದ್ದೆ. ನನ್ನ ಭುಜದ ಮೇಲಿಂದ, ಸಗಣಿ ಬಾಚಿ ಬಂದಿದ್ದ ದೊಡ್ಡವ್ವನ ತಲೆ ತೆರೆಯೊಳಕ್ಕೆ ತೂರಿತು.

"ಊಟ ಆಯ್ತಾ ಸಾ? ಕರೆಂಟ್ ಓದ್ರೆ ಬೇಜಾರ್ ಮಾಡ್ಕಬ್ಯಾಡಿ. ನಮ್ ಮಗ ಒಳ್ಳೇಳು."

ಪ್ರಾಂಶುಪಾಲರು ಆಯಿತಮ್ಮ ಎಂದರು. ನಕ್ಕರೋ, ಮುಖ ಗಂಟಿಕ್ಕಿದರೋ ನೋಡುವ ಧೈರ್ಯ ನನಗಿರಲಿಲ್ಲ. ಧೈರ್ಯ ಬರುವಷ್ಟರಲ್ಲಿ ಕಾಲ ಮೀರಿತ್ತು. ತಲೆ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಕಂಪ್ಯೂಟರೂ ಹೋಯಿತು.

ಆಗ ನಾನೊಂದು ಉಪಾಯ ಮಾಡಿದೆ. ಕಂಪ್ಯೂಟರನ್ನು ಸರಿಪಡಿಸುವುದು ನನ್ನಿಂದಾಗದು, ದೊಡ್ಡವ್ವನನ್ನಾದರೂ ತೆರೆಯಿಂದ ದೂರ ಇಡಬಹುದು. ಶಾಂತಿಗ್ರಾಮದಲ್ಲಿ ಆಕೆಯ ನಾದಿನಿಯ ಮನೆಯಿದೆ. ಸಂದರ್ಶನದ ದಿನ ಅಲ್ಲಿಗೆ ಹೋಗಿಬಾ, ನೋಡಿ ಬಹಳ ದಿನವಾಯಿತಂತೆ, ಹಸುಗಳನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ ಎಂದೆ. ದೊಡ್ಡವ್ವ ನನ್ನ ಮುಖವನ್ನೇ ನೋಡಿದಳು.

"ನಾನಿದ್ರೆ ಸರಿ ಓಗಕ್ಕಿಲ್ವಾ?"

ನಾನು ಮೌಸಿನ ವೈರು ಬಿಡಿಸತೊಡಗಿದೆ. ಆಕೆಯೇ, "ಅಂಗಲ್ಲ ಬುಡು, ಅವ್ಳನ್ನ ನೋಡಿ ಬಾಳ ದಿನ ಆಗದೆ," ಎಂದು ನನ್ನ ಸುಳ್ಳನ್ನೇ ನನಗೆ ಹಿಂದಿರುಗಿಸಿದಳು. ಬೆಳಿಗ್ಗೆ ಬೇಗನೆ ಎದ್ದು, ನನಗೆ ಮೊಸರನ್ನ ಮುಚ್ಚಿಟ್ಟು, ಹೋಗುವ ಮುನ್ನ ಸಿ.ಪಿ.ಯು.ವಿನ ಪಕ್ಕೆ ಸವರಿ, "ಇವತ್ತೊಂದಿನ ಮಾನ ಕಾಪಾಡು," ಎಂದು ಹೇಳಿ ಬಸ್ಸಿಗೆ ಹೋದಳು.

ಅಂದು ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ಜೋಡಿ ದೇವಾಲಯಗಳು ಅಂದವಾಗಿ ತೆರೆಯ ಮೇಲೆ ನಿಂತವು, ಹೊಯ್ಸಳರು ಹಕಾರಸಮೇತ ಬಂದರು. ಮಾದರಿ ಪಾಠ, ಪ್ರಶ್ನೋತ್ತರ ಎಲ್ಲ ಮುಗಿದು, ತಿಳಿಸುತ್ತೇವೆ ಎಂದು ಪ್ರಾಂಶುಪಾಲರು ಹೇಳಿದ ಮೇಲೂ ಅದು ಉರಿಯುತ್ತಲೇ ಇತ್ತು. ಯಂತ್ರಕ್ಕೂ ದೊಡ್ಡವ್ವನ ಕಂಡರೆ ನಾಚಿಕೆಯಿರಬೇಕು ಎಂದುಕೊಂಡು ನಕ್ಕೆ. ನಕ್ಕದ್ದು ಯಾಕೋ ಸರಿಯೆನಿಸಲಿಲ್ಲ.

ಮಧ್ಯಾಹ್ನ ಶಾಂತಿಗ್ರಾಮದಿಂದ ನಾದಿನಿಯ ಫೋನು ಬಂದಿತು. ದೊಡ್ಡವ್ವ ಬಸ್ಸಿಳಿದು ಬಂದವಳೇ ಗೋಡೆಯ ಗಡಿಯಾರ ನೋಡಿದಳಂತೆ. ಕೆಲಸ ಏನಾದರೂ ಕೊಡು ಎಂದಳಂತೆ. ಹೊಲದಿಂದ ಬಂದಿದ್ದ ಅವರೆಕಾಯಿಯ ಮೂಟೆಯ ಮುಂದೆ ಕುಳಿತವಳು, ಕಾಫಿಗೂ ಏಳದೆ, ಕರೆದರೂ ಮಾತನಾಡದೆ, ಅಷ್ಟನ್ನೂ ಸುಲಿದಿಟ್ಟಳಂತೆ.

"ಮದ್ವೆ ಮನೆಗಾಗೋವಷ್ಟು ಕಾಳಾಗವೆ ಕಣವ್ವ. ನಾವಿರೋದು ಮೂರೇ ಜನ. ಏನಾಗದೆ ನಿಮ್ ದೊಡ್ಡವ್ವಂಗೆ?"

ಏನಾಗಿದೆಯೋ ನನಗೂ ತಿಳಿಯಲಿಲ್ಲ. ಸಂಜೆ ದೊಡ್ಡವ್ವ ಒಂದು ಚೀಲ ಅವರೆಕಾಳಿನೊಂದಿಗೆ ಬಂದಿಳಿದಳು. ಬೆರಳ ತುದಿಗಳು ಕಪ್ಪಾಗಿದ್ದವು. ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ ದೊಡ್ಡವ್ವ ಎಂದೆ.

"ಎಂಗ್ ಆರೀತು? ನಾನೇನು ಸುಮ್ಕೆ ಕೂತಿದ್ನಾ?" ಎಂದಳು.

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ.

"ನೀನು ಓದಕ್ಕೆ ಕೂತಾಗ ನಾನು ಯಾವತ್ತು ಸುಮ್ಕೆ ಕೂತಿವ್ನಿ ಯೋಳು? ನಂಗೆ ಅಕ್ಸರ ಬರಾಕಿಲ್ಲ. ನೀನೊಬ್ಳೇ ಕಷ್ಟ ಬೀಳ್ತಿರ್ತೀಯ. ಜತೇಗೆ ಬೇಡ್ವಾ?"

ಹೇಳಿ, ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ಹೋದಳು. ನಾನು ಸಮಿತಿಯವರಿಗೆ ವಂದನೆ ತಿಳಿಸುವ ಮೇಲ್ ಬರೆಯಲು ಕುಳಿತೆ. ಸಾಮಾನ್ಯವಾಗಿ ಕೆಲಸಕ್ಕೆ ಕುಳಿತಾಗ ಬಾಗಿಲು ಹಾಕಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಳ್ಳುವುದು ನನ್ನ ರೂಢಿ, ಹಳೆಯ ಹತ್ತಿಯ ಮುಂದುವರಿಕೆ. ಅಂದು ಹಾಕಿಕೊಂಡಿರಲಿಲ್ಲ. ಎರಡು ಸಾಲು ಬರೆದಿದ್ದೆ. ಹಿತ್ತಲ ಕಡೆಯಿಂದ ಗುರ್ರೆಂದು ಸದ್ದು ಬಂದಿತು. ಮಚ್ಚಿನ ಕಾಲ ಹೋಗಿ ಮೋಟಾರು ಬಂದಿದೆಯಲ್ಲ, ಮೇವು ಕತ್ತರಿಸುವ ಮಿಷನ್. ಟ್ಯೂಬ್‌ಲೈಟು ಒಮ್ಮೆ ಮಂಕಾಯಿತು. ಕಂಪ್ಯೂಟರ್ ಆರಿಹೋಯಿತು.

ಕತ್ತಲಾದ ತೆರೆಯಲ್ಲಿ ನನ್ನ ಮುಖವೊಂದೇ ಕಾಣುತ್ತಿತ್ತು. ಅದನ್ನು ನೋಡಲು ನನಗೆ ಆಗಲಿಲ್ಲ.

ಸಿನಿಮಾ ಹಾಕಿದಾಗ ಅದು ಏಕೆ ಆರುತ್ತಿರಲಿಲ್ಲ? ಆಗ ದೊಡ್ಡವ್ವ ನನ್ನ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಅದು ಕಷ್ಟವಲ್ಲ, ಜೊತೆಗೆ ದುಡಿಯಬೇಕಾಗಿರಲಿಲ್ಲ. ಹಾಸನದ ಅಂಗಡಿಯಲ್ಲಿ ಏಕೆ ಆರಲಿಲ್ಲ? ಅಲ್ಲಿ ಕತ್ತರಿಸಲು ಹುಲ್ಲಿರಲಿಲ್ಲ. ಮೇವನ್ನು ಒಂದೇ ಸಲ ಕತ್ತರಿಸಿಡಬಾರದೇ ಎಂದು ನಾನು ಎಷ್ಟೋ ಸಲ ಗೊಣಗಿದ್ದುಂಟು. ಹಸು ಬಾಡಿದ್ದನ್ನು ತಿನ್ನುವುದಿಲ್ಲ ಎನ್ನುತ್ತಿದ್ದಳು. ಬೆಳಗಿನ ಮೇವಿನ ಜೊತೆಗೇ ಮುಗಿಸಬಹುದಾದ ಹೊರೆಯನ್ನು ಆಕೆ ನಾನು ಕುರ್ಚಿ ಎಳೆದುಕೊಳ್ಳುವ ಹೊತ್ತಿಗಾಗಿ ಎತ್ತಿಡುತ್ತಿದ್ದಳು.

ವಾರದ ನಂತರ ಪ್ರಾಂಶುಪಾಲರು ಫೋನು ಮಾಡಿ ಆಯ್ಕೆಯಾಗಿರುವುದನ್ನು ತಿಳಿಸಿದರು. ಮಾತು ಮುಗಿಸುವ ಮುನ್ನ, "ನಿಮ್ಮ ಮನೆಯ ಹಿರಿಯರು ಸಂದರ್ಶನದ ದಿನ ಕಾಣಲೇ ಇಲ್ಲವಲ್ಲ," ಎಂದು ವಿಚಾರಿಸಿದರು. ಊರಿನಲ್ಲಿರಲಿಲ್ಲ ಸಾರ್ ಎಂದೆ. ಅಷ್ಟು ಶುದ್ಧವಾದ ಕನ್ನಡದಲ್ಲಿ ಅಷ್ಟು ನಾಚಿಕೆಯಿಂದ ನಾನು ಹಿಂದೆಂದೂ ಮಾತನಾಡಿರಲಿಲ್ಲ.

ಕಂಪ್ಯೂಟರ್ ಏಕೆ ಆರುತ್ತಿತ್ತೆಂಬುದನ್ನು ದೊಡ್ಡವ್ವನಿಗೆ ನಾನು ಹೇಳಿಲ್ಲ. ಹೇಳಿದರೆ ಮೋಟಾರು ಬಿಟ್ಟು ಮತ್ತೆ ಮಚ್ಚು ಹಿಡಿಯುತ್ತಾಳೆ, ಸುಮ್ಮನೆ ಮಾತ್ರ ಕೂರುವುದಿಲ್ಲ. ಅದರ ಬದಲು ಬಿಂದಿಗೆಯನ್ನು ಕಟ್ಟೆಯ ಮೇಲಕ್ಕೆ ಏರಿಸಿ, ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿ ತಂದೆ. ಪೀಠ ಹೋಯಿತೆಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಕಂಪ್ಯೂಟರ್ ಆರುವುದಿಲ್ಲ. ಹಿತ್ತಲಿನಲ್ಲಿ ಮೋಟಾರು ಶುರುವಾದಾಗ ಯು.ಪಿ.ಎಸ್. ಪೆಟ್ಟಿಗೆ ಕುಂಯ್ ಎಂದು ಒಂದು ಸಲ ಕೂಗಿ ಸುಮ್ಮನಾಗುತ್ತದೆ, ಅಷ್ಟೇ. ಹೆಡ್‌ಫೋನು ಹಾಕುವುದನ್ನು ನಾನು ಬಿಟ್ಟಿದ್ದೇನೆ.

ಇದನ್ನು ಬರೆಯಲು ಕುಳಿತು ಮೊದಲ ಸಾಲು ಮುಗಿಸುವಷ್ಟರಲ್ಲಿ ಅದು ಕುಂಯ್ ಎಂದಿತ್ತು. ಇನ್ನೂ ಮೋಟಾರಿನ ಸದ್ದು ಕೇಳಿಸುತ್ತಿದೆ. ಪಾಪ, ಇವತ್ತಿನ ಹುಲ್ಲೆಲ್ಲ ಯಾವಾಗಲೋ ಮುಗಿದಿರಬೇಕು. ನಾನಿನ್ನು ಏಳುತ್ತೇನೆ, ಆಕೆಯೂ ಸ್ವಲ್ಪ ಕೂರಲಿ.