ಮಾಸ್ಟರ್ ಕತ್ತರಿಸಿದ ಬಾನೆಟ್ಟು

“ಬಟ್ಟೆಯಾದ್ರೇನು, ತಗಡಾದ್ರೇನು? ಕತ್ತರಿಸೋ ಕೈ ಒಂದೇ ಕಣೇ!”

ಶನಿವಾರ ಸಂಜೆ ಕಾಫಿ ಲೋಟ ಕೆಳಗಿಟ್ಟು ಹೀಗೆ ಘೋಷಿಸಿದವರು ನಮ್ಮ ಕಟಿಂಗ್ ಮಾಸ್ಟರ್. ಮೂವತ್ತು ವರ್ಷಗಳಿಂದ ನಮ್ಮ ಬೀದಿಯ ದೊಡ್ಡ ಹೊಟ್ಟೆ, ಸಣ್ಣ ಹೊಟ್ಟೆಗಳಿಗೆಲ್ಲ ಪ್ಯಾಂಟು ಹೊಲಿದು ಮಾನ ಕಾಪಾಡಿದವರು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಸೊಂಟ ನೋಡುವವರು. ಈ ಘೋಷಣೆಯನ್ನು ಕೇಳಿಸಿಕೊಂಡವರು ಅವರ ಹೆಂಡತಿ, ಬೀದಿಯವರ ಬಾಯಲ್ಲಿ ‘ಡ್ರೈವಿಂಗ್ ಮೇಡಂ’. ಒಂದೇ ಒಂದು ಹಳೆಯ ಕಾರು ಇಟ್ಟುಕೊಂಡು ಊರಿಗೆಲ್ಲ ಡ್ರೈವಿಂಗ್ ಕಲಿಸುವ ಗಟ್ಟಿಗಿತ್ತಿ.

ಆ ಕಾರಿಗೆ ಒಂದು ವಾರದಿಂದ ಜ್ವರ. ಕಲಿಯುವವರು ಹತ್ತು ನಿಮಿಷ ಓಡಿಸುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟುತ್ತಿತ್ತು, ಎಂಜಿನ್ ಬುಸುಗುಡುತ್ತಿತ್ತು. ಸೋಮವಾರ ಬೆಳಗ್ಗೆ ಎಂಟಕ್ಕೆ ಮೇಡಂ ಅವರ ಮೂವರು ಶಿಷ್ಯರಿಗೆ ಲೈಸೆನ್ಸ್ ಪರೀಕ್ಷೆ. ಮೂವರಿಗೂ ಗೊತ್ತಿದ್ದದ್ದು ಈ ಒಂದು ಕಾರಿನ ಕ್ಲಚ್ಚು ಮಾತ್ರ. ಅದರಲ್ಲೂ ಬೇಕರಿಯವನು ಆಗಲೇ ಎರಡು ಸಲ ಫೇಲಾದವನು. ಈ ಸಲವೂ ಅವನು ಫೇಲಾದರೆ ಮೇಡಂ ಹೆಸರು ಮಣ್ಣುಪಾಲು, ಶಿಷ್ಯರೆಲ್ಲ ಆಚೆ ಬೀದಿಯ ನಾಲ್ಕು ಕಾರಿನ ಸ್ಕೂಲಿನ ಪಾಲು! ಮೆಕ್ಯಾನಿಕ್ಕನನ್ನು ಕೇಳಿದರೆ, “ಭಾನುವಾರ ನಾನು ಸ್ಪ್ಯಾನರ್ ಮುಟ್ಟಲ್ಲ ಮೇಡಂ, ಸೋಮವಾರ ಮಧ್ಯಾಹ್ನ ತನ್ನಿ” ಎಂದುಬಿಟ್ಟಿದ್ದ.

“ಕೋಟಿಗೆ ಹಿಂದುಗಡೆ ಸೀಳು ಯಾಕಿಡ್ತೀವಿ ಹೇಳು?” ಮಾಸ್ಟರ್ ಪಾಠ ಶುರುಮಾಡಿದರು. “ಗಾಳಿಯಾಡ್ಲಿ ಅಂತ! ನಿನ್ನ ಕಾರಿಗೆ ಉಸಿರು ಕಟ್ತಿದೆ. ಬಾನೆಟ್ಟಿಗೆ ಆ ಕಡೆ ಒಂದು, ಈ ಕಡೆ ಒಂದು ಗಾಳಿಕಿಂಡಿ ಇಟ್ಟರೆ ತಣ್ಣಗೆ ಓಡುತ್ತೆ.”

“ಕೋಟು ರಸ್ತೆ ಮೇಲೆ ಓಡಲ್ಲ ರೀ.”

“ನಾನು ಹೊಲಿದ ಕೋಟು ಹಾಕ್ಕೊಂಡು ಎಷ್ಟು ಜನ ಎಲ್ಲೆಲ್ಲಿಗೆ ಓಡಿದಾರೆ, ನಿನಗೇನು ಗೊತ್ತು!”

ಮೇಡಂ ನಿಟ್ಟುಸಿರಿಟ್ಟರು. “ಏನಾದ್ರೂ ಮಾಡ್ಕೊಳ್ಳಿ. ಸೋಮವಾರ ಎಂಟು ಗಂಟೆಗೆ ನನ್ನ ಕಾರು ಕಾರಿನ ಥರ ಇರಬೇಕು. ಅಷ್ಟೇ ನಾನು ಕೇಳೋದು.”

ಅಷ್ಟು ಸಾಕಾಯಿತು. ಮಾಸ್ಟರ್ ಬಿಡಿಭಾಗಗಳ ಅಂಗಡಿಗೆ ಓಡಿ, ಅಡ್ಡಪಟ್ಟಿಗಳಿದ್ದ ಎರಡು ಕಪ್ಪು ಗಾಳಿಕಿಂಡಿಗಳನ್ನು ತಂದರು. ತಗಡು ಕೊಯ್ಯುವ ಮಷೀನನ್ನು ಪಕ್ಕದ ಮನೆಯ ಬಡಗಿಯಿಂದ ಎರವಲು ಪಡೆದರು. ಭಾನುವಾರ ತಿಂಡಿ ಮುಗಿದದ್ದೇ ತಡ, ಬಾನೆಟ್ಟಿನ ನಾಲ್ಕು ಬೋಲ್ಟು ಬಿಚ್ಚಿದರು. ಇನ್ನೊಂದು ತುದಿ ಹಿಡಿದುಕೊಂಡವರು ಅವರ ಅತ್ತೆ.

“ಅಳಿಯಂದಿರೇ, ಬಿಚ್ಚೋರು ನೀವು ಸರಿ. ವಾಪಸ್ ಹಾಕೋರು ಯಾರು?”

“ಬಿಚ್ಚಿದ ಹೊಲಿಗೇನ ಮತ್ತೆ ಹಾಕೋದೇ ನನ್ನ ಕಸುಬು ಅತ್ತೆ!”

ಅಲ್ಯೂಮಿನಿಯಂ ಬಾನೆಟ್ಟು, ಹಗುರವಾಗಿತ್ತು. ಇಬ್ಬರೂ ಸೇರಿ ಅದನ್ನು ಮನೆಯ ಮುಂಭಾಗದಲ್ಲೇ ಇದ್ದ ಟೈಲರ್ ಅಂಗಡಿಗೆ ಹೊತ್ತು ತಂದು, ಕಟಿಂಗ್ ಟೇಬಲ್ಲಿನ ಮೇಲೆ, ಎರಡು ಥಾನು ಸೂಟು ಬಟ್ಟೆಯ ಆಸರೆಯಲ್ಲಿ ಮಲಗಿಸಿದರು. ಮಾಸ್ಟರ್ ಅಭ್ಯಾಸಬಲದಿಂದ ಅದರ ಮೇಲೆ ಅಂಗೈ ಆಡಿಸಿ ಸುಕ್ಕು ಬಿಡಿಸಿದರು. ಸುಕ್ಕೇನೂ ಇರಲಿಲ್ಲ. ಟೇಪು ಹಿಡಿದರು, ನಡುಗೆರೆ ಎಳೆದರು, ಎಡಕ್ಕಷ್ಟು ಬಲಕ್ಕಷ್ಟು ಅಳೆದರು. ಗಾಳಿಕಿಂಡಿಯನ್ನು ಬೋರಲು ಹಾಕಿ ಅಂಚಿನ ಸುತ್ತ ನಾಜೂಕಾಗಿ ಗೆರೆ ಎಳೆದರು. ಆಮೇಲೆ ಆ ಗೆರೆಗೆ ಅರ್ಧ ಇಂಚು ಹೊರಗೆ ಇನ್ನೊಂದು ಗೆರೆ ಎಳೆದರು. ಈ ಎರಡನೆಯ ಗೆರೆಯನ್ನು ಎಳೆದದ್ದು ಮಾಸ್ಟರ್ ಅಲ್ಲ, ಅವರ ಮೂವತ್ತು ವರ್ಷಗಳ ಕೈ. ಹೊಲಿಗೆಗೆಂದು ಅರ್ಧ ಇಂಚು ಬಿಡದೆ ಆ ಕೈ ಈ ಜನ್ಮದಲ್ಲಿ ಏನನ್ನೂ ಕತ್ತರಿಸಿರಲಿಲ್ಲ!

ಕಣ್ಣಿಗೆ ಚೂರು ಸಿಡಿಯದಿರಲೆಂದು ಅತ್ತೆಯ ಓದುವ ಕನ್ನಡಕ ಏರಿಸಿಕೊಂಡು ಮಷೀನು ಚಾಲೂ ಮಾಡಿದರು. ಅಬ್ಬಬ್ಬಾ, ಅದೆಂಥ ಆರ್ತನಾದ! ಎದುರು ಮನೆಯ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಬೆಳ್ಳಿ ಪುಡಿ ಹಾರಿ ಅರ್ಧ ಹೊಲಿದ ಅಂಗಿಗಳಿಗೆಲ್ಲ ಜರಿ ಕೆಲಸವಾಯಿತು. ಒಂದು ಕಿಂಡಿ ಮುಗಿಯಿತು. ನಿಲ್ಲಿಸಿ, ಇಟ್ಟು ನೋಡಬಹುದಿತ್ತು. ಆದರೆ ಎಡತೋಳು, ಬಲತೋಳು ಎರಡನ್ನೂ ಒಟ್ಟಿಗೇ ಕತ್ತರಿಸಿ ಎಸೆಯುವುದು ಕಟಿಂಗ್ ಮಾಸ್ಟರುಗಳ ಗತ್ತು. ಎರಡನೆಯದನ್ನೂ ಕೊಯ್ದು ಮುಗಿಸಿಯೇ ಬೆವರು ಒರೆಸಿಕೊಂಡರು.

ಮೊದಲನೆಯ ಗಾಳಿಕಿಂಡಿಯನ್ನು ತೂತಿನಲ್ಲಿಟ್ಟರು. ಠಣ್! ಕೆಳಗೆ ಟೇಬಲ್ಲಿಗೆ ಬಿತ್ತು. ಕೈ ಜಾರಿತೇನೋ ಎಂದುಕೊಂಡು ಇನ್ನೊಂದನ್ನು ಇನ್ನೊಂದು ತೂತಿನಲ್ಲಿಟ್ಟರು. ಠಣ್!

ಅತ್ತೆ ಮೆಲ್ಲಗೆ ಬಂದು ತೂತಿನೊಳಗೆ ಭುಜದವರೆಗೆ ಕೈ ತೂರಿಸಿ ನೋಡಿದರು. “ತೋಳು ಸರಿಯಾಗಿದೆ ಅಳಿಯಂದಿರೇ. ಸ್ವಲ್ಪ ಸಡಿಲ ಅಷ್ಟೇ.”

ತಲೆಯೆತ್ತಿದರೆ ಬಾಗಿಲಲ್ಲಿ ಮೇಡಂ!

“ಯಾಕೆ ಬಿತ್ತು?”

“ತೂತು... ಒಂಚೂರು ದೊಡ್ಡದಾಯ್ತು.”

“ಎಷ್ಟು ಚೂರು?”

“ಹೊಲಿಗೆಗೆ ಅರ್ಧ ಇಂಚು ಬಿಟ್ಟಿದ್ದೆ.”

“ತಗಡನ್ನ ಮಡಚಿ ಹೊಲೀತೀರಾ?”

ಮಾಸ್ಟರ್ ಕನ್ನಡಕ ತೆಗೆದು ಅತ್ತೆಯ ಕೈಗೆ ಕೊಟ್ಟರು.

“ಹೋಗ್ಲಿ, ಒಂದು ಕತ್ತರಿಸಿದ ಮೇಲಾದ್ರೂ ಇಟ್ಟು ನೋಡಬಾರದಿತ್ತಾ?”

“ಒಂದೇ ತೋಳು ಕತ್ತರಿಸಿ ಯಾರಾದ್ರೂ ಟ್ರಯಲ್ ನೋಡ್ತಾರೇನೇ?”

ಮೇಡಂ ಕೂಗಾಡಲಿಲ್ಲ. ಗೋಡೆಯ ಗಡಿಯಾರ ನೋಡಿ, “ಈಗ ಹನ್ನೊಂದೂವರೆ. ಕತ್ತಲಾಗೋಕೆ ಆರರ ತನಕ ಟೈಮಿದೆ. ಮುಂದೇನು ಮಾಡ್ತೀರಿ, ಯೋಚನೆ ಮಾಡಿ” ಎಂದು ಹೊರಟುಹೋದರು. ನಾಲ್ಕು ಮಾತು ಬೈದಿದ್ದರೆ ಮಾಸ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಕಾರು ಅವಳ ಕಾರು. ಹೆಂಗಸಿನ ಹತ್ತಿರ ಯಾರು ಡ್ರೈವಿಂಗ್ ಕಲಿಯುತ್ತಾರೆ ಎಂದು ಬೀದಿಯೆಲ್ಲ ನಕ್ಕಾಗ ಆ ಕಾರಿನಲ್ಲೇ ಇನ್ನೂರು ಜನಕ್ಕೆ ಕಲಿಸಿ ತೋರಿಸಿದವಳು. ಅದಕ್ಕೆ ತಾನು ಎರಡು ಬಾವಿ ತೋಡಿದ್ದಾಯಿತು! ಮಾಸ್ಟರಿಗೆ ನಿಜಕ್ಕೂ ನಾಚಿಕೆಯಾಯಿತು.

ತೂತಿಗೆ ಮದ್ದು ಒಂದೇ, ತೇಪೆ. ಜೀವಮಾನದಲ್ಲಿ ಹೊಸ ಬಟ್ಟೆಗೆ ತೇಪೆ ಹಾಕಿದವರಲ್ಲ ಮಾಸ್ಟರ್. ಈಗ ಆ ಅಭಿಮಾನವನ್ನೂ ನುಂಗಿದರು. ಆದರೆ ಭಾನುವಾರ ತಗಡಿನಂಗಡಿ ಎಲ್ಲಿ ತೆರೆದಿರುತ್ತದೆ? ಮನೆಯೆಲ್ಲ ಹುಡುಕಿ ಹೊರಗೆ ಬಂದು ನಿಂತರು. ತಲೆಯ ಮೇಲೆ ಅಂಗಡಿಯ ಬೋರ್ಡು. ಅಪ್ಪಟ ಅಲ್ಯೂಮಿನಿಯಂ!

“ಬೇಡ ಅಳಿಯಂದಿರೇ, ಮದುವೆಗೆ ಮುಂಚೆ ಹಾಕಿಸಿದ ಬೋರ್ಡು ಅದು” ಎಂದರು ಅತ್ತೆ. ಈ ಸಲ ಅವರೂ ತಮಾಷೆ ಮಾಡಲಿಲ್ಲ.

“ಬೋರ್ಡಿಲ್ಲದಿದ್ರೂ ನನ್ನ ಅಂಗಡಿ ಎಲ್ಲರಿಗೂ ಗೊತ್ತು ಅತ್ತೆ. ತೂತು ಬಾನೆಟ್ಟಿನ ಕಾರನ್ನ ಪರೀಕ್ಷೆಗೆ ಒಳಗೇ ಬಿಡಲ್ಲ.”

ಏಣಿ ಹಾಕಿ ಬೋರ್ಡು ಇಳಿಸಿದರು. ಅಕ್ಷರಗಳಿದ್ದ ಕಡೆಯನ್ನು ಕೆಳಮುಖ ಮಾಡಿ ಎರಡು ಚೌಕಟ್ಟು ಕತ್ತರಿಸಿದರು. ಈ ಸಲ ಮೊದಲು ಕಾಗದದಲ್ಲಿ ಕತ್ತರಿಸಿ ನೋಡಿದರು, ಆಮೇಲೆ ರಟ್ಟಿನಲ್ಲಿ. ಗೆರೆ ಹೊರಗೆ ಹೋಗದಂತೆ ಅತ್ತೆಯನ್ನೇ ಕಾವಲಿಗೆ ಕೂರಿಸಿದರು. ಕೈ ಅರ್ಧ ಇಂಚು ಆಚೆ ಸರಿದರೆ ಸಾಕು, ಸ್ಕೇಲಿನಿಂದ ಒಂದೇಟು ಬೀಳುತ್ತಿತ್ತು! ತೂತಿನ ಸುತ್ತ ಚೌಕಟ್ಟು, ಚೌಕಟ್ಟಿನಲ್ಲಿ ಗಾಳಿಕಿಂಡಿ, ಬೆರಳಗಲಕ್ಕೊಂದರಂತೆ ಸಮನಾಗಿ ರಿವೆಟ್ಟು ಮೊಳೆ. ಕಪ್ಪು ಬಣ್ಣ ಹೊಡೆದು, ಐದೂವರೆಗೆ ಬಾನೆಟ್ಟನ್ನು ಕಾರಿಗೆ ಕೂರಿಸಿದಾಗ ಮೇಡಂ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಹೂಂ” ಎಂದರು. ಆ ‘ಹೂಂ’ ಕೇಳಿ ಮಾಸ್ಟರ್ ರಾತ್ರಿ ಎರಡು ತುತ್ತು ಹೆಚ್ಚಿಗೆ ಉಂಡರು.

ಸೋಮವಾರ ಪರೀಕ್ಷೆಯ ಮೈದಾನಕ್ಕೆ ಮಾಸ್ಟರೂ ಹೋದರು. ಇನ್‌ಸ್ಪೆಕ್ಟರ್ ಬಾನೆಟ್ಟಿನ ಮುಂದೆ ನಿಂತಾಗ ಮಾಸ್ಟರ್ ಮೇಡಂ ಬೆನ್ನ ಹಿಂದೆ ಸರಿದರು. ಇನ್‌ಸ್ಪೆಕ್ಟರ್ ಬೆರಳಿನಿಂದ ರಿವೆಟ್ಟು ಸವರಿದರು, ಒಮ್ಮೆ ತಟ್ಟಿದರು, “ಒಳ್ಳೆ ಕೈ” ಎಂದು ಒಳಗೆ ಕೂತರು. ಶಿಷ್ಯರು ಒಬ್ಬೊಬ್ಬರಾಗಿ ಸುತ್ತು ಹೊಡೆದರು. ಬಿಸಿಯ ಮುಳ್ಳು ನಡುವಿನಲ್ಲೇ ಕೂತಿತ್ತು, ಮಿಸುಕಲಿಲ್ಲ. ಮೂವರೂ ಪಾಸು! ಬೇಕರಿಯವನು ಮೇಡಂ ಕಾಲಿಗೇ ಬಿದ್ದ.

ವಾಪಸ್ ಬರುವಾಗ ಮಾಸ್ಟರನ್ನು ಹಿಡಿಯುವವರೇ ಇಲ್ಲ.

“ನೋಡಿದೆಯಾ ಮುಳ್ಳು? ಗಾಳಿ ಕಣೇ ಗಾಳಿ! ಕಾರು ಮಾಡೋ ಕಂಪನಿಯವರಿಗೇ ಹೊಳೀದೇ ಇದ್ದದ್ದು ಒಬ್ಬ ಟೈಲರಿಗೆ ಹೊಳೀತು!”

ಬೀದಿ ತಿರುವಿನಲ್ಲಿ ಮೆಕ್ಯಾನಿಕ್ ಕೈ ಅಡ್ಡ ಹಿಡಿದ. ಕಾರು ನಿಂತಿತು.

“ಹೇಗಿದೆ ಮೇಡಂ? ಹೊಸ ಫ್ಯೂಸ್ ಹಾಕಿದ ಮೇಲೆ ಬಿಸಿ ಆಗ್ತಿಲ್ಲ ತಾನೇ?”

“ಯಾವ ಫ್ಯೂಸು?” ಎಂದರು ಮಾಸ್ಟರ್.

“ಎಂಜಿನ್ ತಣ್ಣಗಿಡೋ ಫ್ಯಾನಿನ ಫ್ಯೂಸು ಮಾಸ್ಟರ್. ನಿನ್ನೆ ಪ್ಯಾಂಟು ತಗೊಂಡು ಹೋಗೋಣ ಅಂತ ಬಂದೆ. ನೀವು ಒಳಗೆ ಮಷೀನು ಕಿರುಚಿಸ್ತಿದ್ರಿ. ಕಾರು ಬಾಯಿ ತೆರ್ಕೊಂಡು ನಿಂತಿತ್ತು, ಹಾಗೇ ಬಗ್ಗಿ ನೋಡಿದೆ. ಸುಟ್ಟುಹೋಗಿತ್ತು, ಬದಲಾಯಿಸಿದೆ. ಎರಡು ನಿಮಿಷದ ಕೆಲಸ. ಮೇಡಂಗೆ ಹೇಳಿ ಹೋದೆ.”

ಮಾಸ್ಟರ್ ಹೆಂಡತಿಯ ಕಡೆ ತಿರುಗಿದರು. ಮೇಡಂ ಗೇರು ಹಾಕಿದರು, ಮನೆಯವರೆಗೆ ಬಂದರು, ಕಾರನ್ನು ಪಕ್ಕಕ್ಕೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿದರು.

“ನಿನ್ನೆನೇ ಯಾಕೆ ಹೇಳಲಿಲ್ಲ?” ಎಂದು ಕೇಳಿದರು ಮಾಸ್ಟರ್.

“ಹೇಳೋಕೇ ಒಳಗೆ ಬಂದೆ. ಅಷ್ಟರಲ್ಲಿ ಎರಡೂ ತೂತು ಬಿದ್ದಾಗಿತ್ತು. ಕಾರು ಸರಿಹೋಯ್ತು ಅಂದಿದ್ರೆ ನೀವು ತಲೆ ಮೇಲೆ ಕೈ ಹೊತ್ಕೊಂಡು ಕೂತುಬಿಡ್ತಿದ್ರಿ. ತೂತು ಮುಚ್ಚೋರು ಯಾರು? ಕಲಿಯೋರಿಗೆ ಓಡ್ತಿರೋ ಗಾಡೀಲಿ ತಪ್ಪು ತೋರಿಸಿದ್ರೆ ಸ್ಟೇರಿಂಗೇ ಬಿಟ್ಟುಬಿಡ್ತಾರೆ ರೀ. ಗಾಡಿ ನಿಲ್ಲಿಸಿದ ಮೇಲೆ ಹೇಳಬೇಕು.”

ಮಾಸ್ಟರ್ ಎರಡು ಸಲ ಫೇಲಾದ ಬೇಕರಿಯವನ ದನಿಯಲ್ಲೇ ಕೇಳಿದರು:

“ಹಾಗಾದ್ರೆ... ನಾನು ಪಾಸಾ, ಫೇಲಾ?”

“ರಿವೆಟ್ಟಲ್ಲಿ ಫಸ್ಟ್ ಕ್ಲಾಸು” ಎಂದರು ಮೇಡಂ, ಸೀಟ್ ಬೆಲ್ಟ್ ಬಿಚ್ಚುತ್ತ. “ಮುಂದಿನ ಸಲ ಬಾನೆಟ್ ಕತ್ತರಿಸೋಕೆ ಮುಂಚೆ, ಒಂದೇ ಒಂದ್ಸಲ ಅದನ್ನ ಎತ್ತಿ ಒಳಗೆ ನೋಡಿ!”