ಸಮ ರಸ್ತೆಯಲ್ಲಿ ಮೂವತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಸೈಕಲ್ ಓಡಿಸಬಲ್ಲೆ. ಸಮ ರಸ್ತೆಯಲ್ಲಿ. ಎದುರುಗಾಳಿ ಇಲ್ಲದಿದ್ದರೆ. ಈ ವಿಷಯವಾಗಿ ಗುಂಡ್ಲುಪೇಟೆಯಲ್ಲಿ ಯಾರು ಏನೇ ಹೇಳಿರಲಿ, ಎಷ್ಟೇ ನಕ್ಕಿರಲಿ, ಫೋಟೋವನ್ನೇ ತೋರಿಸಿರಲಿ, ನೀವು ನಂಬಬೇಕಾಗಿಲ್ಲ!

ನಾನು ಚಾಮರಾಜನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇಡೀಸ್ ಟೈಲರ್. ಹೆಸರು ಮಾದೇವ. ನನ್ನ ಹೊಲಿಗೆಯ ವಿಶೇಷ ಏನು ಅಂತ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಮಾರ್ಜಿನ್ ಅನ್ನುತ್ತಾಳೆ. ಬೇರೆ ಟೈಲರುಗಳು ರವಿಕೆಯ ಒಳಗೆ ಒಂದಿಂಚು ಬಟ್ಟೆ ಬಿಟ್ಟರೆ ಹೆಚ್ಚು. ನಾನು ಮೂರಿಂಚು ಬಿಡುತ್ತೇನೆ. ಮದುವೆಯಾಗಿ, ಎರಡು ಬಾಣಂತನ ಮುಗಿದ ಮೇಲೂ ಹೊಲಿಗೆ ಬಿಚ್ಚಿ ಹಾಕಿಕೊಳ್ಳಬಹುದು. ಬಿಗಿಯಾಯಿತು ಅಂತ ನನ್ನ ಅಂಗಡಿಗೆ ಯಾರೂ ಜಗಳಕ್ಕೆ ಬಂದದ್ದಿಲ್ಲ.

ಹೀಗೆ ಕೂತು ಕೂತು ಹೊಲಿದದ್ದಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಗೇರ್ ಇರುವ ಸೈಕಲ್ ತಂದೆ. ಅದರ ಹ್ಯಾಂಡಲ್ ಮೇಲೆ ವೇಗ ತೋರಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರ್ ಒಂದಿತ್ತು. ಚಕ್ರದ ಸುತ್ತಳತೆ ಕೊಟ್ಟರೆ ಅದು ಮಿಕ್ಕ ಲೆಕ್ಕ ಹಾಕಿಕೊಳ್ಳುತ್ತದೆ. ಅಳತೆ ನಾನು ಹಾಕಿಕೊಡ್ತೀನಿ ಅಂತ ಅಂಗಡಿಯವನೇ ಹೇಳಿದ. ಟೈಲರ್ ಮಾದೇವನಿಗೆ ಇನ್ನೊಬ್ಬ ಅಳತೆ ಹೇಳಿಕೊಡುವುದೇ! ಮನೆಗೆ ತಂದು ಕೊರಳಿನಲ್ಲಿದ್ದ ಟೇಪು ತೆಗೆದು ಸಾಂಗೋಪಾಂಗವಾಗಿ ಅಳೆದು ಮೀಟರಿಗೆ ಅಂಕಿ ಒತ್ತಿಬಿಟ್ಟೆ.

ಮಾರನೆಯ ಬೆಳಿಗ್ಗೆ ಸಂತೆಮರಹಳ್ಳಿ ರಸ್ತೆಯಲ್ಲಿ ತುಳಿದರೆ ಮೀಟರಿನಲ್ಲಿ ಇಪ್ಪತ್ತೆಂಟು! ವಾರ ಕಳೆಯುವುದರೊಳಗೆ ಮೂವತ್ತು. ಒಂದು ಸಲವಂತೂ, ನಾಯಿ ಅಟ್ಟಿಸಿಕೊಂಡು ಬಂದ ದಿನ, ಮೂವತ್ಮೂರು!

ಈ ಸಾಧನೆಯನ್ನು ನಾನು ಅಕ್ಕನ ಗಂಡನ ಮುಂದೆ ಹೇಳಬಾರದಿತ್ತು. ನಮ್ಮ ಭಾವ ಗುಂಡ್ಲುಪೇಟೆಯವರು. ಅರಿಸಿನ ಬೆಳೆಯುತ್ತಾರೆ, ಬಿಡುವಿನಲ್ಲಿ ಮೊಬೈಲ್ ಓದುತ್ತಾರೆ. ಮಗಳು ಸೌಮ್ಯಳ ನಿಶ್ಚಿತಾರ್ಥಕ್ಕೆ ಕರೆಯಲು ಬಂದವರು ಕಾಫಿ ಲೋಟ ಕೆಳಗಿಟ್ಟು ನಕ್ಕರು.

"ಅಲ್ಲ ಕಣ್ಲಾ ಮಾದೇವ, ನಮ್ಮಂತೋರು ಸಮ ರಸ್ತೇಲಿ ತುಳುದ್ರೆ ಇಪ್ಪತ್ತು. ಉಸುರು ಕಟ್ಟಿ ತುಳುದ್ರೆ ಇಪ್ಪತ್ತೈದು. ಮೂವತ್ತು ಅನ್ನದು ದಿನಾ ಅದನ್ನೇ ಮಾಡೋ ಉಡುಗ್ರಿಗೆ. ನಿನ್ ಮೀಟ್ರು ಸುಳ್ಳೇಳ್ತದೆ, ಬುಡು."

"ಭಾವ, ಆ ಮೀಟ್ರಿಗೆ ಅಳತೆ ಕೊಟ್ಟೋನು ನಾನು!"

"ಅದ್ಕೇ ಏಳ್ದೆ."

ಮೈಯೆಲ್ಲ ಉರಿದುಹೋಯಿತು. ಅಲ್ಲೇ ಶಪಥ ಮಾಡಿದೆ. "ನಿಶ್ಚಿತಾರ್ಥಕ್ಕೆ ನಾನು ಸೈಕಲ್ಲಲ್ಲೇ ಬತ್ತೀನಿ. ಮೂವತ್ತಾರು ಕಿಲೋಮೀಟ್ರು, ಗಂಟೆಗೆ ಮೂವತ್ತು. ಒಂದು ಗಂಟೆ ಅನ್ನೆರಡು ನಿಮಿಷ. ವಾಚ್ ಇಟ್ಕೊಂಡು ಬಾಗಿಲಲ್ಲಿ ನಿಂತಿರಿ!"

ಇಲ್ಲಿ ಒಂದು ಮಾತು. ನಮ್ಮ ಮನೆತನದಲ್ಲಿ ನಿಶ್ಚಿತಾರ್ಥದ ಮೊದಲ ವೀಳ್ಯವನ್ನು ಹುಡುಗಿಯ ಸೋದರಮಾವನೇ ಕೈಯಾರೆ ಕೊಡಬೇಕು. ಅವನು ಕೊಡುವ ತನಕ ಮಿಕ್ಕ ಎಲೆಯಡಿಕೆ ಯಾರೂ ಮುಟ್ಟುವಂತಿಲ್ಲ. ಸೌಮ್ಯಳಿಗೆ ಇರುವುದು ನಾನೊಬ್ಬನೇ ಸೋದರಮಾವ. ಅವಳ ಮೊದಲ ಲಂಗವನ್ನು ಹೊಲಿದವನೂ ನಾನೇ. ಆ ದಿನ ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅದಕ್ಕೆ ಮುಂಚೆ ವೀಳ್ಯ ಕೊಟ್ಟು ಮುಗಿಯಬೇಕು. ಸಾಲದ್ದಕ್ಕೆ ನಿಶ್ಚಿತಾರ್ಥದ ಸೀರೆಯ ರವಿಕೆ ನನ್ನ ಹತ್ತಿರವೇ ಇತ್ತು.

ನನ್ನ ಹೆಂಡತಿ ರಾಜಮ್ಮ ಬಸ್ಸಿಗೆ ಹೊರಡುವಾಗ ಕೈ ಚಾಚಿದಳು. "ರವ್ಕೆನಾದ್ರೂ ಕೊಡಿ, ನಾ ತಕೊಂಡೋಯ್ತೀನಿ."

"ಮಾವ ಹೊಲಿದ ರವ್ಕೆ ಮಾವನ ಕೈಯಿಂದಲೇ ಓಗಬೇಕು."

"ನೀವೋ, ನಿಮ್ ಅಟವೋ!" ಅಂದು ಅವಳು ಬಸ್ ಹತ್ತಿದಳು. ನಾನು ರವಿಕೆಯ ಪೊಟ್ಟಣವನ್ನು ಬೆನ್ನಿಗೆ ಕಟ್ಟಿಕೊಂಡು, ಎಂಟೂಕಾಲಿಗೆ ಸರಿಯಾಗಿ ಪೆಡಲ್ ಒತ್ತಿದೆ.

ಮೊದಲ ಐದು ಕಿಲೋಮೀಟರ್ ನನ್ನನ್ನು ನೀವು ನೋಡಬೇಕಿತ್ತು. ಮೀಟರಿನಲ್ಲಿ ಮೂವತ್ತೊಂದು! ಎದುರಿಗೆ ಬಂದ ಎತ್ತಿನಗಾಡಿಯವನಿಗೆ ಕೈ ಬೀಸಿದೆ. ಆಮೇಲೆ ರಸ್ತೆ ಏನೋ ಮಾಡತೊಡಗಿತು. ನಾನು ಆ ರಸ್ತೆಯಲ್ಲಿ ನೂರಾರು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಮೇಜಿನ ಹಾಗೆ ಸಮ. ಬಸ್ಸಿನಲ್ಲಿ ಕೂತವನ ಮಂಡಿಗೆ ಏರು ತಿಳಿಯುವುದಿಲ್ಲ ಎಂಬ ಸತ್ಯ ಅಂದು ಗೊತ್ತಾಯಿತು. ಮೂವತ್ತೊಂದು ಇಪ್ಪತ್ತೈದಾಯಿತು, ಇಪ್ಪತ್ತೈದು ಇಪ್ಪತ್ತಾಯಿತು. ಸಾಲದೆಂಬಂತೆ ಎದುರುಗಾಳಿ ಬೇರೆ. ಆದರೂ ಧೈರ್ಯ ಕುಂದಲಿಲ್ಲ. ಮೀಟರಿನ ಪ್ರಕಾರ ದೂರ ಚೆನ್ನಾಗಿಯೇ ಕರಗುತ್ತಿತ್ತು. ಆ ಭರವಸೆಯಿಂದಲೇ ತೆರಕಣಾಂಬಿಯಲ್ಲಿ ಇಳಿದು ಟೀ ಕುಡಿದೆ. ಒಂದಲ್ಲ, ಎರಡು. ಜೊತೆಗೆ ಬಿಸಿ ವಡೆ.

ಹತ್ತು ಗಂಟೆಗೆ ಹತ್ತು ನಿಮಿಷವಿದ್ದಾಗ ಮೀಟರ್ ಮೂವತ್ತಾರು ತೋರಿಸಿತು. ಅಂದರೆ ನಾನು ಗುಂಡ್ಲುಪೇಟೆ ತಲುಪಿದ್ದೆ! ಬ್ರೇಕ್ ಹಿಡಿದು ತಲೆಯೆತ್ತಿ ನೋಡಿದೆ.

ಎಡಕ್ಕೆ ಚೆಂಡುಹೂವಿನ ಹೊಲ. ಬಲಕ್ಕೆ ಚೆಂಡುಹೂವಿನ ಹೊಲ. ರಸ್ತೆ ಬದಿಗೆ ಒಂದು ಕಲ್ಲು. ಅದರ ಮೇಲೆ 'ಗುಂಡ್ಲುಪೇಟೆ 5'.

ಕಲ್ಲು ತಪ್ಪು ಅಂತ ಕೂಡಲೇ ತೀರ್ಮಾನಿಸಿದೆ. ಹೊಲದಲ್ಲಿ ಹೂವು ಕೀಳುತ್ತಿದ್ದ ಹೆಂಗಸನ್ನು ಕೂಗಿ ಕೇಳಿದೆ. "ಅಕ್ಕಾ, ಇದು ಗುಂಡ್ಲುಪೇಟೆ ತಾನೆ?"

ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೂ ಹೊಲವನ್ನೂ ನೋಡಿದಳು. "ಇದು ನಮ್ ವಲ ಕಣಣ್ಣೋ. ಗುಂಡ್ಲುಪೇಟೆ ಇನ್ನೂ ಮುಂದ್ಕದೆ."

"ಇಲ್ಲಮ್ಮ, ಮೀಟ್ರು ಇಲ್ಲೇ ಅಂತದೆ!"

"ಅಂಗಾದ್ರೆ ಇಲ್ಲೇ ಇಳ್ಕೊ."

ಅಷ್ಟರಲ್ಲಿ ಹಿಂದಿನಿಂದ ಟ್ರಿಣ್ ಟ್ರಿಣ್ ಸದ್ದು. ಎಪ್ಪತ್ತು ದಾಟಿದ ಒಬ್ಬ ಅಜ್ಜ, ಲುಂಗಿ ಮೇಲೆ ಕಟ್ಟಿ, ಹಳೆಯ ಕಬ್ಬಿಣದ ಸೈಕಲ್ಲಿನ ಕ್ಯಾರಿಯರಿಗೆ ಎರಡು ಬಾಳೆಗೊನೆ ಬಿಗಿದು, ಬೀಡಿ ಸೇದುತ್ತ ನನ್ನನ್ನು ದಾಟಿ ಹೋದ. ಬೀಡಿ ಸೇದುತ್ತ! ಗೇರ್ ಇಲ್ಲ, ಮೀಟರ್ ಇಲ್ಲ, ಮಡ್‌ಗಾರ್ಡ್ ಕೂಡ ಇಲ್ಲ. ನನ್ನೊಳಗಿನ ಮೂವತ್ತು ಎದ್ದು ನಿಂತಿತು. ಬೆನ್ನಟ್ಟಿದೆ. ಇನ್ನೂರು ಗಜ ಹೋಗುವುದರೊಳಗೆ ಅವನ ಪಕ್ಕಕ್ಕೆ ಬಂದೆ.

"ಅಜ್ಜ, ಎಷ್ಟು ಸ್ಪೀಡಲ್ಲಿ ಓಡುಸ್ತೀರಿ?" ಏದುಸಿರು ಬಿಡುತ್ತ ಕೇಳಿದೆ.

"ಇಸ್ಪೀಡಾ? ಆಲು ಕರೆಯೋ ಒತ್ಗೆ ಮನೆ ಸೇರ್ತೀನಿ ಕಣಪ್ಪ, ಅಷ್ಟೇಯ."

ಉತ್ತರ ಕೊಡಲು ಬಾಯಿ ತೆರೆದೆ. ಆ ಕ್ಷಣದಲ್ಲಿ ಎರಡೂ ಮೀನಖಂಡ ಒಟ್ಟಿಗೆ ಹಿಡಿದುಕೊಂಡವು. "ಅಯ್ಯಯ್ಯೋ!" ಅಂತ ಸೈಕಲ್ ಸಮೇತ ಚೆಂಡುಹೂವಿನೊಳಗೆ ಮಲಗಿಬಿಟ್ಟೆ. ಅಜ್ಜ ಸೈಕಲ್ ನಿಲ್ಲಿಸಿ ಇಳಿದ.

ಅಲ್ಲೇ ಫೋನ್ ಬಡಿದುಕೊಂಡಿತು. ಅಕ್ಕ.

"ಎಲ್ಲಿದ್ದೀಯಾ ಮಾದೇವ? ಗಂಡಿನ ಕಡೇರು ಬಂದು ಕೂತವ್ರೆ. ಸೌಮ್ಯ ರವ್ಕೆ ಇಲ್ದೆ ರೂಮ್ನಾಗೆ ಶಾಲು ಒದ್ಕೊಂಡು ಕೂತದೆ. ಬೇರೆ ರವ್ಕೆ ಆಕೊ ಅಂದ್ರೆ 'ನಮ್ಮಾವ ತರ್ತಾರೆ' ಅಂತ ಅಟ ಮಾಡ್ತದೆ ಕಣೋ!"

ಭಾವನ ಮೇಲಿನ ಸಿಟ್ಟಿಗೆ ಆ ಮಗುವನ್ನು ಶಾಲು ಹೊದಿಸಿ ಕೂರಿಸಿದ್ದೆನಲ್ಲ! ಮರ್ಯಾದೆ ಹಾಳಾಗಲಿ ಅಂದುಕೊಂಡು, ಬೆನ್ನಿನ ಪೊಟ್ಟಣ ಬಿಚ್ಚಿ ಅಜ್ಜನ ಕೈಗೆ ಕೊಟ್ಟು, ನಿಶ್ಚಿತಾರ್ಥದ ಛತ್ರದ ಗುರುತು ಹೇಳಿದೆ. ಅಜ್ಜನ ಹೆಸರು ಸಿದ್ದಪ್ಪ. ಅವನು ಬೀಡಿ ಎಸೆದು, ಪೊಟ್ಟಣವನ್ನು ಹೆಗಲ ಟವೆಲಿನಲ್ಲಿ ಸುತ್ತಿದ.

"ನೀ ಮೆಲ್ಲುಗ್ ಬಾ ಕಣಪ್ಪ, ಅರ್ಜೆಂಟ್ ಏನಿಲ್ಲ. ನಾ ಇದ್ದೀನಲ್ಲ," ಅಂದು ಹೊರಟ. ಬಾಳೆಗೊನೆ ಅಲುಗಾಡಲೇ ಇಲ್ಲ.

ನಾನು ಅಷ್ಟು ದೂರ ಕುಂಟಿ, ಇಷ್ಟು ದೂರ ತುಳಿದು, ಹತ್ತು ಇಪ್ಪತ್ತನಾಲ್ಕಕ್ಕೆ ಛತ್ರದ ಬಾಗಿಲು ಮುಟ್ಟಿದೆ. ಭಾವ ನಿಜವಾಗಿಯೂ ವಾಚ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ವಾಚನ್ನು ನನ್ನ ಕಡೆ ತಿರುಗಿಸಿದರು.

ಒಳಗೆ ಸೌಮ್ಯ ನಾನು ಹೊಲಿದ ರವಿಕೆ ತೊಟ್ಟು ಕೂತಿದ್ದಳು. ಎಷ್ಟು ಲಕ್ಷಣವಾಗಿ ಕಾಣುತ್ತಿದ್ದಳು! ಸಿದ್ದಪ್ಪಜ್ಜ ಮೊದಲ ಸಾಲಿನಲ್ಲಿ ಕೇಸರಿಬಾತ್ ತಿನ್ನುತ್ತಿದ್ದ. ಶಾಸ್ತ್ರ ನಡೆಸುವ ಅಯ್ಯನವರು ಚಡಪಡಿಸುತ್ತಿದ್ದರು.

"ರಾಹುಕಾಲಕ್ಕೆ ಆರು ನಿಮಿಷ! ಬೇರೆ ಯಾರಾದ್ರೂ ದೊಡ್ಡೋರು ವೀಳ್ಯ ಕೊಡಿ ಅಂದ್ರೆ ಹುಡುಗಿ ಒಪ್ತಿಲ್ಲ!"

"ನಮ್ಮಾವ ಬಂದ್ರು, ನೋಡಿ!" ಸೌಮ್ಯ ಕೂಗಿದಳು. ಕಣ್ಣಲ್ಲಿ ನೀರು ಬಂತು. ಅವಳಿಗಲ್ಲ, ನನಗೆ.

ಗತ್ತಿನಿಂದ ಮುಂದೆ ನಡೆದೆ. ವೀಳ್ಯದ ತಟ್ಟೆ ಕೈಗೆ ತೆಗೆದುಕೊಂಡೆ. ಮೀನಖಂಡ ಮತ್ತೆ ಹಿಡಿಯಿತು! ತಟ್ಟೆ ವಾಲುತ್ತಿದ್ದಂತೆ ಸಿದ್ದಪ್ಪಜ್ಜ ಎದ್ದು ಬಂದು, ಹಿಂದಿನಿಂದ ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿಕೊಂಡ. ಹಾಗೆಯೇ ನೇತಾಡುತ್ತ ವೀಳ್ಯ ಕೊಟ್ಟೆ. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು. ಫೋಟೋದವನು ಆಗಲೇ ಒತ್ತಬೇಕೆ! ನೋವಿಗೆ ನಾನು ತಲೆ ಬಗ್ಗಿಸಿದ್ದೇನೆ, ನನ್ನ ಬೋಳುನೆತ್ತಿಯ ಮೇಲೆ ಅಜ್ಜನ ಮುಖ ನಗುತ್ತಿದೆ.

ಊಟಕ್ಕೆ ಕೂತಾಗ ರಾಜಮ್ಮ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ನಿಜ ಏಳಿ. ಆ ಚಕ್ರನ ಎಂಗೆ ಅಳುದ್ರಿ?"

"ರವ್ಕೆ ಅಳೆದಂಗೇ. ನಾಕು ಭಾಗ ಮಾಡಿ ಅಳೆದು ಕೂಡ್ದೆ. ತೊಂಬತ್ತೈದು ಇಂಚು."

ಎದುರು ಸಾಲಿನಿಂದ ಭಾವ ಮೊಬೈಲ್ ನೋಡಿ ಹೇಳಿದರು. "ಆ ಚಕ್ರ ಎಂಬತ್ಮೂರು ಇಂಚು ಕಣ್ಲಾ."

ರಾಜಮ್ಮ ತುತ್ತು ಕೆಳಗಿಟ್ಟಳು. "ಭಾಗಕ್ಕೆ ಮೂರಿಂಚು ಮಾರ್ಜಿನ್ ಏನಾರ ಬುಟ್ರಾ?"

ನಾನು ಹೋಳಿಗೆ ಮುರಿದೆ. ಕೈ ತಾನಾಗಿ ಬಿಟ್ಟಿದ್ದರೆ ನಾನೇನು ಮಾಡಲಿ! ಇಪ್ಪತ್ತೆಂಟು ವರ್ಷದ ಅಭ್ಯಾಸ!

"ಚಕ್ರ ಏನು ಬಾಣಂತನ ಮುಗಿಸ್ಕೊಂಡು ಬತ್ತದಾ?" ಅಂದಳು. ಆ ಪಂಕ್ತಿ ಮುಂದೆ ಊಟ ಮಾಡಲಿಲ್ಲ, ಬರೀ ನಕ್ಕಿತು.

ಹೊರಡುವಾಗ ಗಂಡಿನ ಕಡೆಯವರು ಸಿದ್ದಪ್ಪಜ್ಜನ ಕಾಲಿಗೆ ನಮಸ್ಕಾರ ಮಾಡಿ, "ಮದುವೆಗೂ ಮುಂಚೇನೇ ಬಂದ್ಬುಡಿ ಮಾವನೋರೇ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಟೈಲರ್ರೇ, ರವ್ಕೆ ಚೆನ್ನಾಗದೆ," ಅಂದರು.

ಇರಲಿ. ವೀಳ್ಯ ಕೊಟ್ಟ ಕೈ ನನ್ನದೇ, ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಬೆರಳಿನಲ್ಲಿ ಸೂಜಿಯ ಗುರುತು ಕಾಣುತ್ತದೆ. ಮೀಟರನ್ನು ಸರಿಮಾಡಿಕೊಡುತ್ತೇನೆಂದು ಭಾವ ಎರಡು ಸಲ ಫೋನ್ ಮಾಡಿದರು. ನಾನು ಒಪ್ಪಿಲ್ಲ. ಒಪ್ಪುವುದೂ ಇಲ್ಲ! ತೊಂಬತ್ತೈದು ಇಂಚು ಹಾಗೆಯೇ ಇದೆ, ಇವತ್ತಿಗೂ ಬೆಳಿಗ್ಗೆ ಸಮ ರಸ್ತೆಯಲ್ಲಿ ಮೂವತ್ತರಲ್ಲೇ ಹೋಗುತ್ತೇನೆ. ಹಿಂದಿನಿಂದ ಯಾರಾದರೂ ಅಜ್ಜಂದಿರು ಟ್ರಿಣ್ ಟ್ರಿಣ್ ಅಂದರೆ ಮಾತ್ರ, ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ.